ಲ್ಯಾಬ್ ಮೇಡಂ ಓಡಿಸುತ್ತಿದ್ದ ಹಸಿರು ಲಾರಿ

ಮೊನ್ನೆ ಮಗಳು ಕೈಯಲ್ಲಿ ಹಿಡಿದುಕೊಂಡು ವಿಡಿಯೋ ಗೇಮ್ ಆಡುವ ಯಂತ್ರವೊಂದನ್ನು ಕೊಂಡು ತಂದಳು. ಸ್ವಲ್ಪ ಹೊತ್ತಿಗೆ ಅದರ ಬೆನ್ನು ಬಿಸಿಯಾಗಿ, ಕಾದ ಪ್ಲಾಸ್ಟಿಕ್ಕಿನ ವಾಸನೆ ಬಂತು. "ಇದ್ರೊಳಗಿರೋದು ಲಿನಕ್ಸ್ ಅಪ್ಪಾ," ಅಂದಳು. ಆ ವಾಸನೆ, ಆ ಹೆಸರು ಎರಡೂ ಒಟ್ಟಿಗೆ ಬಂದಾಗ ನನಗೆ ನಮ್ಮ ಲ್ಯಾಬ್ ಮೇಡಂ ನೆನಪಾಗದೆ ಇರುವುದು ಸಾಧ್ಯವಿರಲಿಲ್ಲ.

ಬಸವನಗುಡಿಯ ಕಾಲೇಜೊಂದರಲ್ಲಿ ನಾನು ಕನ್ನಡ ಪಾಠ ಮಾಡುತ್ತಿದ್ದೆ, ಅವರು ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದರು. ಐವತ್ತು ದಾಟಿತ್ತು. ಮಾವಳ್ಳಿಯಲ್ಲಿ ಒಬ್ಬರೇ ಇದ್ದರು. ನಮ್ಮೆಲ್ಲರ ಕಂಪ್ಯೂಟರ್ ನಡೆಯುತ್ತಿದ್ದುದು ವಿಂಡೋಸ್ ಮೇಲೆ, ಅವರದು ಮಾತ್ರ ಲಿನಕ್ಸ್ ಮೇಲೆ. ಆ ತಂತ್ರಾಂಶ ಯಾವ ಕಂಪನಿಯ ಸ್ವತ್ತೂ ಅಲ್ಲ, ಯಾರು ಬೇಕಾದರೂ ಬಿಚ್ಚಿ ನೋಡಬಹುದು ಅನ್ನುವುದು ಅವರ ಹೆಮ್ಮೆ. ಆ ಹೆಮ್ಮೆಯನ್ನು ಕೇಳಿ ಕೇಳಿ ಸ್ಟಾಫ್ ರೂಮಿನವರಿಗೆಲ್ಲ ಸಾಕಾಗಿತ್ತು. ಜೊತೆಗೆ ಅವರಿಗೆ ವಿಡಿಯೋ ಗೇಮ್ ಹುಚ್ಚು ಬೇರೆ.

ಅದೊಂದು ಲಾರಿ ಓಡಿಸುವ ಆಟ. ಎಲ್ಲೆಲ್ಲಿಯೋ ಕೂತವರು ಇಂಟರ್ನೆಟ್ಟಿನಲ್ಲಿ ಸೇರಿ ಒಂದೇ ರಸ್ತೆಗೆ ಲಾರಿ ಇಳಿಸುತ್ತಾರೆ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಮೇಡಂ ಅದರ ಮುಂದೆ ಕೂರುತ್ತಿದ್ದರು. ಒಮ್ಮೆ ನಾನೂ ಅವರ ಮನೆಯಲ್ಲಿ ಕೂತು ನೋಡಿದ್ದೇನೆ. ಅವರ ಹಳೆಯ ಕಂಪ್ಯೂಟರ್ ಬಿಸಿಯಾಗಿ ಕೋಣೆಯಲ್ಲೆಲ್ಲ ಇದೇ ಕಾದ ಪ್ಲಾಸ್ಟಿಕ್ಕಿನ ವಾಸನೆ. ಹಿಮ ಬಿದ್ದ ರಸ್ತೆ, ಒಂದು ಕಬ್ಬಿಣದ ಸೇತುವೆ. ಸೇತುವೆಯ ಹತ್ತಿರ ಒಂದು ಹಸಿರು ಲಾರಿ ಕಾಯುತ್ತಾ ನಿಂತಿತ್ತು. ಮೇಡಂ ತಮ್ಮ ಹಸಿರು ಲಾರಿಯನ್ನು ಅದರ ಪಕ್ಕ ತಂದು ಎರಡು ಸಲ ಹಾರನ್ ಹೊಡೆದರು. ಅದೂ ಎರಡು ಸಲ ಹೊಡೆಯಿತು. ಎರಡೂ ಹೊರಟವು.

"ಅದು ನನ್ ತಂಗಿ," ಅಂದರು.

ತಂಗಿ ಇದ್ದದ್ದು ಮಲ್ಲೇಶ್ವರದಲ್ಲಿ. ಒಂದು ಆಟೋ ಹಿಡಿದರೆ ಮುಗಿಯಿತು. ಆದರೆ ಕೊನೆಗಾಲದಲ್ಲಿ ಅಮ್ಮನನ್ನು ಯಾರು ನೋಡಿಕೊಂಡರು, ಯಾರು ನೋಡಿಕೊಳ್ಳಲಿಲ್ಲ ಅನ್ನುವುದಕ್ಕೆ ಮಾತಿಗೆ ಮಾತು ಬೆಳೆದು ಇಬ್ಬರೂ ಮಾತು ಬಿಟ್ಟಿದ್ದರು. ಜಗಳಕ್ಕೆ ಮೊದಲೇ ತಂಗಿಗೆ ಈ ಆಟ ಕಲಿಸಿದ್ದವರು ಮೇಡಂ. ಅವರ ತಂದೆ ಕಾಟನ್‌ಪೇಟೆಯ ವ್ಯಾಪಾರಿಗಳಿಗೆ ಹಸಿರು ಲಾರಿಯೊಂದನ್ನು ಓಡಿಸುತ್ತಿದ್ದರಂತೆ. ಶಾಲೆಗೆ ರಜೆ ಬಂದರೆ ಹೆಣ್ಣುಮಕ್ಕಳಿಬ್ಬರೂ ಕ್ಯಾಬಿನ್ನಿನಲ್ಲೇ. ಹೀಗಾಗಿ ಮಾತು ನಿಂತರೂ ಲಾರಿ ನಿಂತಿರಲಿಲ್ಲ...

"ಫೋನ್ ಮಾಡಬಾರದಾ ಮೇಡಂ?" ಎಂದು ಕೇಳಿದ್ದೆ.

"ಫೋನಲ್ಲಿ ಮಾತಾಡ್ಬೇಕಲ್ಲ ಸರ್."

ಆಮೇಲೆ ಆಟದ ಕಂಪನಿಯವರು ಲಿನಕ್ಸಿಗೆಂದೇ ಮಾಡಿದ್ದ ಆವೃತ್ತಿಯನ್ನು ನಿಲ್ಲಿಸಿಬಿಟ್ಟರು. ಆಡುವವರು ತೀರಾ ಕಡಿಮೆಯಂತೆ. "ನಿಮ್ಮ ಲಿನಕ್ಸ್ ಬಳಗದಲ್ಲಿ ಇರೋದಾದ್ರೂ ಎಷ್ಟು ಜನ ಮೇಡಂ?" ಎಂದು ನಾನು ಕಾಲೆಳೆದೆ. "ಈ ವರ್ಷ ನಿಮ್ಮ ಕನ್ನಡ ಕ್ಲಾಸಿಗೆ ಎಷ್ಟು ಜನ ಸೇರಿದಾರೆ ಸರ್?" ಎಂದು ಅವರು ತಿರುಗಿಸಿ ಕೇಳಿದರು. "ಜನ ಇಲ್ಲ ಅಂತ ಮುಚ್ತಾರೆ. ಮುಚ್ಚಿರೋ ಕಡೆ ಜನ ಎಲ್ಲಿಂದ ಬರ್ತಾರೆ?"

ವಿಂಡೋಸ್ ಹಾಕಿಕೊಳ್ಳಿ ಎಂದರೆ ಕೇಳುವ ಪೈಕಿ ಅಲ್ಲ ಅವರು. ವಿಂಡೋಸಿನ ಆಟವನ್ನೇ ಲಿನಕ್ಸಿನಲ್ಲಿ ಓಡಿಸಲು ನಡುವೆ ದುಭಾಷಿಯಂತೆ ಕೂರುವ ಒಂದು ತಂತ್ರಾಂಶವಿದೆ. ಅದನ್ನು ಹಾಕಿಕೊಂಡರು. ಮತ್ತೆ ಭಾನುವಾರಗಳು ಸರಿಹೋದವು. ಆದರೂ ಅವರ ಗೊಣಗಾಟ ನಿಲ್ಲಲಿಲ್ಲ.

"ಓಡುತ್ತೆ ಸರ್, ಇಲ್ಲ ಅನ್ನಲ್ಲ. ಡಬ್ಬಿಂಗ್ ಸಿನಿಮಾನೂ ಅರ್ಥ ಆಗುತ್ತೆ. ಆದ್ರೆ ಓಡೋದು ಬೇರೆ, ನಮಗೆ ಅಂತ ಮಾಡಿರೋದು ಬೇರೆ. ನಮಗೆ ಅಂತ ಮಾಡಿದ್ರೆ, ಕೆಟ್ಟಾಗ ಕೇಳೋಕೆ ಒಬ್ರು ಇರ್ತಾರೆ."

ಕೆಟ್ಟಿತು. ಆಟದಲ್ಲಿ ಮೋಸ ಮಾಡುವವರನ್ನು ಹಿಡಿಯಲು ಕಂಪನಿಯವರು ಹೊಸ ಕಾವಲು ಹಾಕಿದರು. ಆ ಕಾವಲಿಗೆ ದುಭಾಷಿಯೇ ಕಳ್ಳನಂತೆ ಕಂಡಿತು. ಒಂದು ಭಾನುವಾರ ಮೇಡಂ ಆಟ ತೆರೆದರೆ, ನೀವು ಮೋಸ ಮಾಡಿದ್ದೀರಿ, ನಿಮ್ಮ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ ಎಂದು ಬರೆದಿತ್ತು. ಕಂಪನಿಗೆ ಬರೆದು ವಿವರಿಸಿದರು. ಲಿನಕ್ಸಿಗೆ ನಾವು ಹೊಣೆಯಲ್ಲ ಎಂಬ ಉತ್ತರ ಬಂತು. ಮತ್ತೆ ಬರೆದರು. ಅದೇ ಉತ್ತರ ಬಂತು.

"ಬೇರೆ ಹೆಸರಲ್ಲಿ ಹೊಸ ಖಾತೆ ಮಾಡ್ಕೊಳ್ಳಿ. ವಿಂಡೋಸೇ ಹಾಕ್ಕೊಂಡ್ರೂ ಏನೂ ಮುಳುಗಿ ಹೋಗಲ್ಲ," ಅಂದೆ.

"ಹೆಸರು ಬದಲಾಯಿಸ್ಕೊಂಡ್ರೆ ಮೋಸ ಮಾಡಿದ್ದು ಹೌದು ಅಂತ ನಾನೇ ಒಪ್ಕೊಂಡ ಹಾಗಾಗುತ್ತೆ. ಮಾಡಿಲ್ಲ ಸರ್ ನಾನು."

ಹಟ ಅದು, ಬೇರೇನೂ ಅಲ್ಲ. ನನಗೆ ಸಿಟ್ಟು ಬಂದಿತ್ತು. ಭಾನುವಾರಗಳಲ್ಲಿ ಅವರು ಲಾಲ್‌ಬಾಗಿನಲ್ಲಿ ಒಬ್ಬರೇ ಕೂತಿರುವುದನ್ನು ಒಂದೆರಡು ಸಲ ಕಂಡೆ. ಮಾತಾಡಿಸಿದರೆ, ಕಂಪನಿಗೆ ಮತ್ತೊಮ್ಮೆ ಬರೆದಿದ್ದೇನೆ, ಈ ಸಲ ಯಾರಾದರೂ ಓದಿಯೇ ಓದುತ್ತಾರೆ ಎಂದರು.

ಆ ಚಳಿಗಾಲದಲ್ಲೇ ಅವರು ತೀರಿಕೊಂಡರು. ಬೆಳಿಗ್ಗೆ ಹಾಲಿನವನು ಬಾಗಿಲು ಬಡಿದರೆ ತೆಗೆಯಲಿಲ್ಲವಂತೆ.

ಕಾರ್ಯದ ದಿನ ತಂಗಿ ಬಂದಿದ್ದರು. ಮುಖದಲ್ಲಿ ಅಕ್ಕನದೇ ಕಳೆ. ನಾನು ಯಾರೆಂದು ಹೇಳಿಕೊಂಡೆ. ಅವರು ಕೈಯಲ್ಲಿದ್ದ ಎಲೆ ಅಡಿಕೆಯನ್ನು ನೋಡುತ್ತಾ ಹೇಳಿದರು: "ಪ್ರತಿ ಭಾನುವಾರ ಸೇತುವೆ ಹತ್ರ ಕಾಯ್ತಿದ್ದೆ ಸರ್. ಅಕ್ಕ ಬರ್ಲೇ ಇಲ್ಲ. ನನ್ ಮೇಲಿನ ಕೋಪ ಇನ್ನೂ ಇಳಿದಿಲ್ಲ ಅಂದ್ಕೊಂಡೆ..."

ನಡೆದದ್ದನ್ನೆಲ್ಲ ಹೇಳಿದೆ. ಅವರಿಗೆ ಎಷ್ಟು ಅರ್ಥವಾಯಿತೋ ತಿಳಿಯದು. "ಬರೋಕಾಗ್ಲಿಲ್ವಾ ಹಾಗಾದ್ರೆ? ಬರಬಾರ್ದು ಅಂತ ಅಲ್ವಲ್ಲ?" ಎಂದು ಮತ್ತೆ ಮತ್ತೆ ಕೇಳಿದರು. ಅಲ್ಲ ಎಂದೆ. ಆಗ ನನಗೆ ಅಳು ಬರಲಿಲ್ಲ. ಆಮೇಲೂ ಬಂದಿಲ್ಲ. ಬರಬೇಕಿತ್ತು ಅನ್ನಿಸುತ್ತದೆ, ಅಷ್ಟೇ.

ಈಗ ಕಂಪನಿಯವರು ಆ ದುಭಾಷಿಯನ್ನು ಒಳಗೆ ಬಿಡುತ್ತಿದ್ದಾರಂತೆ. ಅದಕ್ಕೆ ಅವರು ಮಾಡಬೇಕಾದ ಕೆಲಸ ಹೆಚ್ಚೇನೂ ಇರಲಿಲ್ಲವೆಂದು ಮಗಳು ಹೇಳಿದಳು. ಲಿನಕ್ಸಿಗೆಂದೇ ಮಾಡಿದ ಆವೃತ್ತಿ ಇವತ್ತಿಗೂ ಇಲ್ಲ. ಆಟವನ್ನು ಅವಳ ಕೈಯಲ್ಲೇ ಹಾಕಿಸಿ, ಭಾನುವಾರ ಊಟವಾದ ಮೇಲೆ ಯಂತ್ರ ಇಸಿದುಕೊಂಡು ಕೂತೆ. ಲಾರಿಯನ್ನು ಅಲ್ಲಿ ಇಲ್ಲಿ ಗುದ್ದಿಸುತ್ತಾ ಹೇಗೋ ಸೇತುವೆಯವರೆಗೆ ತಂದೆ. ಹಿಮ ಬೀಳುತ್ತಿತ್ತು.

ಸೇತುವೆಯ ಹತ್ತಿರ ಒಂದು ಹಸಿರು ಲಾರಿ ನಿಂತಿತ್ತು.

ಹಾರನ್ ಗುಂಡಿ ಯಾವುದೆಂದು ಮಗಳು ತೋರಿಸಿಕೊಟ್ಟಿದ್ದಳು. ಬೆರಳು ಅದರ ಮೇಲೇ ಇತ್ತು. ಒತ್ತಲಿಲ್ಲ. ಎರಡು ಸಲ ಹಾರನ್ ಹೊಡೆಯಬೇಕಾದವನು ನಾನಲ್ಲ. ದೂರದಲ್ಲೇ ಲಾರಿ ನಿಲ್ಲಿಸಿಕೊಂಡು ಸುಮ್ಮನೆ ನೋಡುತ್ತಾ ಇದ್ದೆ. ಯಂತ್ರ ಬಿಸಿಯಾಗಿ ಅಂಗೈ ಸುಡತೊಡಗಿದಾಗ ಮಗಳಿಗೆ ವಾಪಸ್ ಕೊಟ್ಟೆ.

"ಯಾಕಪ್ಪಾ, ಓಡ್ತಿಲ್ವಾ?"

"ಓಡ್ತಿದೆ," ಅಂದೆ.