ತೊಂಬತ್ತೇಳು ಡಿಗ್ರಿಯಲ್ಲಿ ಕುದ್ದ ನೀರು

ಒಂಬತ್ತನೇ ತರಗತಿಯ ವಿಜ್ಞಾನದ ಮೇಡಂ ಆ ಬೆಳಿಗ್ಗೆ ಶಾಲೆಗೆ ಬೇಗನೆ ಬಂದಿದ್ದರು. ಪ್ರಯೋಗಶಾಲೆ ಎಂದು ಕರೆಯುವ ಉದ್ದನೆಯ ಕೋಣೆಯಲ್ಲಿ ಒರೆಸಿದ ಮೇಜುಗಳನ್ನೇ ಮತ್ತೆ ಒರೆಸಿದರು. ಸ್ಪಿರಿಟ್ ದೀಪದ ಬತ್ತಿ ಎಳೆದರು, ಕತ್ತರಿಸಿದರು, ಹೆಚ್ಚು ಕತ್ತರಿಸಿದೆನೇನೋ ಎಂದು ಪುನಃ ಎಳೆದರು. ಇನ್‌ಸ್ಪೆಕ್ಟರು ತರಗತಿ ನೋಡಲು ಬರುವವರಿದ್ದರು.

ಮೇಡಂ ಪಾಠ ಮಾಡುವ ರೀತಿಯ ಮೇಲೆ ದೂರು ಹೋಗಿತ್ತು. ಅವರು ನೋಟ್ಸ್ ಬರೆಸುತ್ತಿರಲಿಲ್ಲ. ಮಕ್ಕಳು ಏನು ಕೇಳಿದರೂ, ನಿಮಗೇನನ್ನಿಸುತ್ತೆ, ಅದು ಸರಿಯೋ ಅಲ್ಲವೋ ಹೇಗೆ ಗೊತ್ತುಮಾಡ್ಕೋತೀರಿ ಎಂದು ಪ್ರಶ್ನೆಯನ್ನು ಅವರ ಕೈಗೇ ವಾಪಸು ಕೊಡುತ್ತಿದ್ದರು. ಹೀಗಾಗಿ ಪಾಠಗಳು ಆಮೆಯಂತೆ ಸಾಗುತ್ತಿದ್ದವು. ಹೆಡ್‌ಮಾಸ್ಟರು ಕೆಟ್ಟವರಲ್ಲ, ಆದರೆ ಮುಂದಿನ ವರ್ಷದ ಪಬ್ಲಿಕ್ ಪರೀಕ್ಷೆ ಈಗಲೇ ಅವರ ಎದೆಯ ಮೇಲೆ ಕೂತಿತ್ತು. ಇನ್‌ಸ್ಪೆಕ್ಟರು ಇಂದಿನ ತರಗತಿ ನೋಡಿ ಬೇಡವೆಂದರೆ, ವಾರದ ಮೂರು ಪ್ರಯೋಗದ ಪೀರಿಯಡ್ಡುಗಳೂ ನೋಟ್ಸಿಗೆ ಹೋಗುತ್ತವೆ ಎಂದು ಅವರು ಹೇಳಿಬಿಟ್ಟಿದ್ದರು.

ಮನೆಯಲ್ಲಿ ಅತ್ತೆಗೂ ಇದೇ ಚಿಂತೆ. ತರಕಾರಿ ಹೆಚ್ಚುತ್ತಾ, "ಅಲ್ಲ ಕಣೇ, ನಿನ್ನ ಮಕ್ಕಳು ಪ್ರಶ್ನೆ ಕೇಳಿ ಪಾಸಾಗ್ತಾವೋ, ಉತ್ತರ ಬರ್ದು ಪಾಸಾಗ್ತಾವೋ?" ಎಂದಿದ್ದರು. ಮೇಡಂ ನಕ್ಕಿದ್ದರು.

ಅವರು ತಾವು ಕಲಿತದ್ದು ಬಾಯಿಪಾಠದಲ್ಲೇ. ನಿಯಮಗಳನ್ನು ತಡವರಿಸದೆ ಒಪ್ಪಿಸಿ ಬಹುಮಾನ ಪಡೆದವರು. ಲಿಟ್ಮಸ್ ಕಾಗದ ಬಣ್ಣ ಬದಲಿಸುವುದನ್ನು ಕಣ್ಣಾರೆ ಕಂಡದ್ದು ಮಾತ್ರ ಕೆಲಸಕ್ಕೆ ಸೇರಿದ ಮೇಲೆ. ಆ ನೀಲಿ ಕೆಂಪಾಗುತ್ತಿದ್ದಂತೆ, ಯಾರೋ ತಮ್ಮ ಬಾಲ್ಯದಿಂದ ಏನನ್ನೋ ಎತ್ತಿಟ್ಟುಕೊಂಡಿದ್ದರು ಅನ್ನಿಸಿತ್ತು.

ಆ ದಿನದ ಪ್ರಶ್ನೆ ಸರಳ: ನೀರು ಎಷ್ಟು ಡಿಗ್ರಿಯಲ್ಲಿ ಕುದಿಯುತ್ತದೆ? ಮಕ್ಕಳು ಗುಂಪುಗೂಡಿ ನೀರು ಕಾಯಿಸಿದರು. ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತರು, ಇನ್‌ಸ್ಪೆಕ್ಟರು ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತರು. ಗುಳ್ಳೆಗಳೆದ್ದವು. ಕಂಡದ್ದನ್ನು ಹೇಳಿ ಎಂದಾಗ ಮೊದಲ ಗುಂಪು ನೂರು ಎಂದಿತು. ಎರಡನೆಯದೂ ನೂರು. ಉಳಿದವೂ ಅಷ್ಟೇ. ಕೊನೆಯ ಮೇಜಿನಲ್ಲಿದ್ದವಳು ಯಾಕಮ್ಮ. ಮಾತಿಗೊಮ್ಮೆ ಯಾಕೆ ಎನ್ನುವುದರಿಂದ ತರಗತಿಯೇ ಇಟ್ಟ ಹೆಸರು. ಅವಳೂ ತಲೆತಗ್ಗಿಸಿ ನೂರು ಎಂದಳು.

ಇನ್‌ಸ್ಪೆಕ್ಟರ ಮುಖ ಅರಳಿತು. ಮೇಡಂ ಮೇಜುಗಳ ಮೇಲಿನ ಥರ್ಮಾಮೀಟರುಗಳತ್ತ ನೋಡಿದರು.

ಆ ಥರ್ಮಾಮೀಟರುಗಳ ಜಾತಕವೆಲ್ಲ ಅವರಿಗೆ ಗೊತ್ತಿತ್ತು. ಊರು ಎತ್ತರದಲ್ಲಿತ್ತು, ಅಂಥಲ್ಲಿ ನೀರು ನೂರಕ್ಕಿಂತ ಮೊದಲೇ ಕುದಿಯುತ್ತದೆ; ಉಪಕರಣಗಳೂ ಹಳೆಯವು; ಆ ಕೋಣೆಯಲ್ಲಿ ನೀರು ಎಂದೂ ನೂರನ್ನು ಮುಟ್ಟಿದ್ದಿಲ್ಲ. ಮಕ್ಕಳು ಮೋಟು ಎಂದು ಹೆಸರಿಟ್ಟಿದ್ದ ಥರ್ಮಾಮೀಟರಂತೂ ತೊಂಬತ್ತೈದಕ್ಕೇ ಸುಸ್ತಾಗುತ್ತಿತ್ತು. ಪುಸ್ತಕದಲ್ಲಿ ನೂರಿದೆ, ಇಲ್ಲಿ ಯಾಕೆ ಕಡಿಮೆ ಎಂದು ಮಕ್ಕಳೇ ಕೇಳಲಿ ಎಂದೇ ಈ ಪಾಠವನ್ನು ಆರಿಸಿದ್ದರು. ಈಗ ಸುಮ್ಮನಿದ್ದರೆ ಪೀರಿಯಡ್ಡು ಉಳಿಯುತ್ತದೆ. ಆದರೆ ಕಂಡದ್ದನ್ನು ಹೇಳದ ಮಕ್ಕಳಿಗೆ ಆ ಪೀರಿಯಡ್ಡಿನಲ್ಲಿ ಕಲಿಸುವುದಾದರೂ ಏನನ್ನು?

"ಸಾರ್, ನೀವೂ ಒಂದ್ಸಲ ನೋಡ್ತೀರಾ?" ಎಂದರು.

ಇನ್‌ಸ್ಪೆಕ್ಟರು ಯಾಕಮ್ಮನ ಮೇಜಿಗೆ ಬಂದು ಬಗ್ಗಿದರು. ಕನ್ನಡಕಕ್ಕೆ ಹಬೆ ಹಿಡಿಯಿತು. ಒರೆಸಿಕೊಂಡು ಮತ್ತೆ ಬಗ್ಗಿ, ಬಹಳ ಹೊತ್ತು ನೋಡಿದರು.

"ನೂರು ಅನ್ನಬಹುದು," ಎಂದರು.

"ಇಲ್ಲ ಸಾರ್, ತೊಂಬತ್ತೇಳು," ಎಂದಳು ಯಾಕಮ್ಮ.

"ಮತ್ತೆ ನೂರು ಅಂದ್ಯಲ್ಲಮ್ಮ?"

"ಸರಿ ಉತ್ತರ ಬಂದ್ರೆ ನಮ್ಮ ಮೇಡಂ ಪಾಡಿಗೆ ಮೇಡಂನ ಬಿಡ್ತೀರಿ ಅಂತ. ಎಲ್ರೂ ಮಾತಾಡ್ಕೊಂಡಿದ್ವಿ." ತಲೆಯೆತ್ತಿ ಸೇರಿಸಿದಳು: "ಆದ್ರೆ ನೀವ್ಯಾಕೆ ನೂರು ಅಂದ್ರಿ ಸಾರ್?"

ಬಾಗಿಲಲ್ಲಿ ಹೆಡ್‌ಮಾಸ್ಟರು ಕೆಮ್ಮಿದರು. ಇನ್‌ಸ್ಪೆಕ್ಟರು ಮೆಲ್ಲಗೆ, "ಪುಸ್ತಕದಲ್ಲಿ ಹಾಗಿದೆಯಲ್ಲಮ್ಮ," ಎಂದರು.

ಆಮೇಲೆ ಆಫೀಸಿನಲ್ಲಿ ಇನ್‌ಸ್ಪೆಕ್ಟರು, ಮಕ್ಕಳು ಸುಳ್ಳು ಹೇಳಿದ್ದನ್ನು ವರದಿಯಲ್ಲಿ ಬರೆಯದೆ ವಿಧಿಯಿಲ್ಲ ಎಂದರು. ಬರೆಯಿರಿ, ನಿಜ ಹೇಳಿದ್ದನ್ನೂ ಬರೆಯಿರಿ ಎಂದರು ಮೇಡಂ. ಕುರ್ಚಿಯಲ್ಲಿ ಕೂರುವಂತೆ ಹೆಡ್‌ಮಾಸ್ಟರು ಸನ್ನೆ ಮಾಡಿದರೂ ಅವರಿಗೆ ಕೂರಲಾಗಲಿಲ್ಲ. ಕೊನೆಗೆ ಎರಡು ಪೀರಿಯಡ್ಡು ನೋಟ್ಸಿಗೆ ಹೋದವು. ಒಂದು ಉಳಿಯಿತು, ಅದೂ ಈ ವರ್ಷದ ಮಟ್ಟಿಗೆ.

ಮೇಡಂ ಕೋಣೆಗೆ ಮರಳಿದಾಗ ಯಾರೂ ತಲೆಯೆತ್ತಲಿಲ್ಲ. ಬೈಯಬೇಕೋ, ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ನಾಚಿಕೆಯಿಂದ ಇವರ ಬಾಯಿ ಕಟ್ಟಿಹೋದರೆ ಉಳಿದ ಆ ಒಂದು ಪೀರಿಯಡ್ಡೂ ಹೋದಂತೆಯೇ ಅನ್ನಿಸಿತು.

"ನೀರು ನೂರು ಮುಟ್ಟಲಿಲ್ಲ," ಎಂದರು. "ತಪ್ಪು ಥರ್ಮಾಮೀಟರಿನದ್ದೋ, ಬೇರೆ ಏನಾದ್ರೂ ಇದ್ಯೋ? ಹೇಗೆ ಗೊತ್ತುಮಾಡ್ಕೋತೀರಿ?"

ಮೇಡಂ ಕಾದರು. ಆರಿಹೋಗಿದ್ದ ಸ್ಪಿರಿಟ್ ದೀಪವೊಂದನ್ನು ಮತ್ತೆ ಹಚ್ಚಿದರು.

"ಎಲ್ಲಾ ಥರ್ಮಾಮೀಟರನ್ನೂ ಒಂದೇ ಪಾತ್ರೆಗೆ ಹಾಕಿ ನೋಡಿದ್ರೆ?" ಎಂದಿತು ನಡುವಿನ ಸಾಲಿನಿಂದ ಒಂದು ದನಿ, ಎಂದೂ ಮಾತಾಡದ ಹುಡುಗಿಯೊಬ್ಬಳದು.