ಹೆಸರು ಹೇಳಬಾರದ ಸೊಪ್ಪು

ನಾಲ್ಕು ಮಂದಿಯ ಮುಂದೆ ಬಾಯಿ ಬಿಡಲು ನಾಚುವವಳು ನಾನು. ಅದಕ್ಕೇ ಮೊಮ್ಮಕ್ಕಳೇ, ನಿಮಗಾಗಿ ಇದನ್ನು ಬರೆದಿಡುತ್ತೇನೆ.

ಡಾಬಕಾದ ನಮ್ಮ ಮನೆಯಲ್ಲಿ ಕಾಮಣಿಗೆ, ಅಂದರೆ ಕಾಮಾಲೆಗೆ, ಔಷಧ ಕೊಡುತ್ತಾರೆ. ಒಂದು ಸೊಪ್ಪು ಅರೆದು, ಮಜ್ಜಿಗೆಯಲ್ಲಿ ಕಲಸಿ, ಮೂರು ಮುಂಜಾನೆ ಖಾಲಿ ಹೊಟ್ಟೆಗೆ. ಸೊಪ್ಪಿನ ಹೆಸರು ಹೊರಗೆ ಹೇಳಬಾರದು, ಹೇಳಿದರೆ ಗುಣ ಹೋಗುತ್ತದೆ. ಬಂದವರನ್ನು ಬರಿಗೈಯಲ್ಲಿ ಕಳಿಸಲೂಬಾರದು. ಅತ್ತೆ ತೀರಿದ ಮೇಲೆ ಅರೆಯುವ ಕೆಲಸ ನನ್ನ ಪಾಲಿಗೆ ಬಂತು.

ನಿಮ್ಮ ಅಜ್ಜನೂ ಅದನ್ನೇ ಕುಡಿದರು. ಕಣ್ಣಿನ ಹಳದಿ ಇಳಿಯಿತು. ರೋಗ ಹೋಯಿತೆಂದು ಹೋಳಿಗೆ ಮಾಡಿ ಉಂಡೆವು. ಕೆಲವು ವರ್ಷಕ್ಕೆ ಹೊಟ್ಟೆಯಲ್ಲಿ ನೀರು ತುಂಬಿತು. ಹಳದಿ ಇಳಿದರೂ ವೈರಸ್ ಒಳಗೇ ಉಳಿದು ಲಿವರ್ ತಿಂದಿದೆ ಎಂದರು ಬೀದರಿನ ಡಾಕ್ಟರು. ಅಷ್ಟರಲ್ಲಿ ತಡವಾಗಿತ್ತು.

ಅಜ್ಜ ತೀರಿದ ಮರುವರ್ಷ ಸಾಯಗಾಂವದಿಂದ ಒಬ್ಬ ಅತ್ತೆ, ಅವಳ ಸೊಸೆ ಬಂದರು. ಸೊಸೆ ಆರು ತಿಂಗಳ ಬಸುರಿ, ಕಣ್ಣು ಅರಿಶಿಣ.

"ಮೊದಲ ದವಾಖಾನ್ಯಾಗ ರಕ್ತ ತೋರಿಸ್ರಿ," ಅಂದೆ.

"ಇಷ್ಟು ದೂರದಿಂದ ಬಂದೀವಿ. ಅರಿಯೋಕ ರಟ್ಟಿ ನೋಯ್ತಾವೇನ್ರಿ?" ಅಂದಳು ಆ ಅತ್ತೆ.

ಕಟ್ಟೆಯ ಮೇಲಿದ್ದ ಮೈದುನ ಎದ್ದ. "ವೈನಿ, ಈ ಮನಿಯಿಂದ ಯಾರೂ ಖಾಲಿ ಕೈಲೆ ಹೋಗಿಲ್ಲ. ಹೊಸ ಕಾನೂನು ಯಾಕ?"

ಅವನೆದುರು ಎಂದೂ ದನಿ ಎತ್ತಿದವಳಲ್ಲ. "ನಿಮ್ಮ ಅಣ್ಣ ಹ್ಯಾಂಗ ಹೋದ್ರು ನೋಡೀರಿಲ್ಲ?" ಅಂದೆ. ಚಪ್ಪಲಿ ಮೆಟ್ಟಿ, ಅವರಿಬ್ಬರನ್ನೂ ಔರಾದ ಮಾರ್ಗವಾಗಿ ಬಸ್ಸಿನಲ್ಲಿ ಬೀದರಿನ ದವಾಖಾನೆಗೆ ಕರೆದೊಯ್ದೆ.

"ಯಾವ ಸೊಪ್ಪು ಕೊಡ್ತೀರಿ?" ಎಂದು ಅಲ್ಲಿಯ ಡಾಕ್ಟರಮ್ಮ ಕೇಳಿದರು.

"ನೆಲನೆಲ್ಲಿ," ಅಂದೆ.

"ಗುಣಾ ಹೋಯ್ತಲ್ರಿ," ಎಂದು ಆ ಅತ್ತೆ ಹಣೆ ಹಿಡಿದುಕೊಂಡಳು.

ಡಾಕ್ಟರಮ್ಮ ನಗಲಿಲ್ಲ. "ಅದರ ರಸ ವೈರಸ್ ತಡಿತದೇನಂತ ಲ್ಯಾಬಿನ್ಯಾಗ ನೋಡ್ಲಿಕ್ಕತ್ತಾರ. ಗಾಜಿನ ನಳಿಗ್ಯಾಗ ತುಸು ಕೆಲಸ ಕಂಡದ. ಮನುಷ್ಯಾರಿಗೆ ವಾಸಿ ಮಾಡ್ತದಂತ ಇನ್ನೂ ಗಟ್ಟಿ ಆಗಿಲ್ಲ. ಬಸುರಿಗಂತೂ ಬ್ಯಾಡ್ರಿ."

"ನಮ್ಮ ಹೊಲದ ಬದುವಿನ್ಯಾಗ ಬೇಕಾದಷ್ಟದ. ಒಯ್ದು ನೋಡ್ರಿ," ಅಂದೆ.

ರಕ್ತದಲ್ಲಿ ನಿಮ್ಮ ಅಜ್ಜನದೇ ರೋಗ ಸಿಕ್ಕಿತು, ಹೆಪಟೈಟಿಸ್ ಬಿ. ಗುಳಿಗೆ ಶುರುವಾಯಿತು. ಭಾಲ್ಕಿಯಲ್ಲಿ ಹೆರಿಗೆಯಾಯಿತು, ಹುಟ್ಟಿದ ದಿನವೇ ಕೂಸಿಗೆ ಆ ರೋಗ ತಡೆಯುವ ಸೂಜಿ ಹಾಕಿದರು. ಮುಂದೆ ರಕ್ತ ನೋಡಿದಾಗ ಕೂಸಿಗೆ ರೋಗ ಅಂಟಿರಲಿಲ್ಲ.

ಮನೆತನದ ಔಷಧದ ಗುಣ ಕೆಡಿಸಿದಳು ಎಂದು ಮೈದುನ ಈಗಲೂ ಊರೆಲ್ಲ ಹೇಳುತ್ತಾನೆ. ಹೇಳಲಿ. ಜನ ಬರುವುದು ನಿಂತಿಲ್ಲ. ರಕ್ತ ಪರೀಕ್ಷೆಯ ಚೀಟಿ ತರದವರಿಗೆ ಬೀದರಿನ ಬಸ್ಸಿನ ಹೊತ್ತು ಹೇಳುತ್ತೇನೆ. ಬೈದರೆ ಚಹಾ ಕೊಟ್ಟು, ಮತ್ತೆ ಅದನ್ನೇ ಹೇಳುತ್ತೇನೆ.