ಸಮುದ್ರಕ್ಕೊಂದು ಗೇಟು

ಮಸ್ಕಿ ಬಸ್‌ಸ್ಟ್ಯಾಂಡ್ ಹತ್ತಿರ ಝೆರಾಕ್ಸ್ ಅಂಗಡಿ ನಡೆಸುವ ಶಾಹೀಸ್ತಾ ಸಮುದ್ರವನ್ನು ಕಣ್ಣಾರೆ ಕಂಡವಳಲ್ಲ. ಆದರೂ ಭಾನುವಾರ ಮಧ್ಯಾಹ್ನ ಶಟರ್ ಅರ್ಧ ಇಳಿಸಿದಳೆಂದರೆ ಅವಳೇ ಸಮುದ್ರ, ಅವಳೇ ಬಿರುಗಾಳಿ. ಅವಳು ಕಥೆ ಹೇಳುತ್ತಾಳೆ, ಗೆಳೆಯರು ಕಡಲ್ಗಳ್ಳರಾಗುತ್ತಾರೆ, ಗೆದ್ದರೋ ಸೋತರೋ ದಾಳ ಹೇಳುತ್ತದೆ.

ಈ ವಾರ ಆಟಕ್ಕೊಂದು ನಿಯಮದ ಪುಸ್ತಕ ಆರಿಸಬೇಕಿತ್ತು. ಒಂದು ಮುನ್ನೂರು ಪುಟದ್ದು, ಹಾಯಿಗೂ ತೋಪಿಗೂ ಗಾಳಿಗೂ ಅದರಲ್ಲಿ ಕೋಷ್ಟಕವಿತ್ತು. ಇನ್ನೊಂದು ಹನ್ನೆರಡೇ ಹಾಳೆ. ಶಾಹೀಸ್ತಾಳ ಮನಸ್ಸು ದಪ್ಪ ಪುಸ್ತಕದ ಮೇಲಿತ್ತು. ಅದಕ್ಕೆ ತಾನೇ ಸ್ಪೈರಲ್ ಹಾಕಿದ್ದಳಲ್ಲ.

"ಶತ್ರು ಹಡಗು ಎದುರಿಗೇ ಬಂತು. ಏನ್ ಮಾಡ್ತೀ?" ಎಂದು ವೆಂಕೋಬನನ್ನು ಕೇಳಿದಳು. ಅವನು ವಳಕಮದಿನ್ನಿಯವನು. ಅವನ ಗದ್ದೆ ಕಾಲುವೆಯ ಕಟ್ಟಕಡೆಗಿತ್ತು; ಮೇಲಿನವರು ಗೇಟು ಇಳಿಸಿದರೆ ಅಲ್ಲಿಗೆ ಹನಿ ನೀರೂ ಬರುತ್ತಿರಲಿಲ್ಲ.

"ಮ್ಯಾಲಿನ ಗೇಟ್ ಇಳಸ್ತೀನಿ. ನೀರು ನಿಂತ್ರ ಹಡಗ ಕೆಸರಾಗ ಕುಂದ್ರತೈತಿ." ವೆಂಕೋಬ ಗಾಳಿಯಲ್ಲೇ ಗೇಟಿನ ಚಕ್ರ ತಿರುಗಿಸತೊಡಗಿದ.

"ಸಮುದ್ರಕ್ಕ ಎಲ್ಲಿ ಗೇಟೋ?"

"ನೀರಂದ ಮ್ಯಾಲ ಗೇಟ್ ಇರಲಾರ್ದ ಇರ್ತೈತೇನು?"

ದಪ್ಪ ಪುಸ್ತಕ ಎಷ್ಟು ತಿರುವಿದರೂ ಗೇಟು ಸಿಗಲಿಲ್ಲ. ತೆಳು ಪುಸ್ತಕದ ಎರಡನೇ ಪುಟದಲ್ಲೇ ಬರೆದಿತ್ತು: ಕೂತವರೆಲ್ಲ ಒಪ್ಪಿದರೆ ಅದು ಇದೆ, ದಾಳ ಹಾಕಿ. ಆಟಕ್ಕೆ ಕೂತಿದ್ದ ಬಳಗಾನೂರಿನ ನಾಗವೇಣಿ, ಅಮ್ಜದ್ ಇಬ್ಬರೂ ತಡಮಾಡದೆ ಕೈ ಎತ್ತಿದರು. ಶಾಹೀಸ್ತಾ ದಾಳ ಎಸೆದಳು. ದಾಳ ಉರುಳಿ ಆರು ಬಿತ್ತು. ಹಡಗು ಕೆಸರಲ್ಲಿ ಕೂತಿತು, ಅಂಗಡಿ ತುಂಬ ಕೇಕೆ ಎದ್ದಿತು, ದಪ್ಪ ಪುಸ್ತಕ ಫ್ಯಾನಿಗೆ ಹಾರುವ ಹಾಳೆಗಳ ಮೇಲೆ ಭಾರವಾಗಿ ಕೂತಿತು.

"ಲೂಟಿ ಹೊಡಿ ಇನ್ನ," ಎಂದಳು ಶಾಹೀಸ್ತಾ.

ವೆಂಕೋಬ ಕಾಣದ ಗೇಟಿನ ಚಕ್ರವನ್ನು ಇನ್ನೂ ಎರಡೂ ಕೈಯಲ್ಲಿ ಹಿಡಿದಿದ್ದ.

"ತಡಿ. ಮೊದ್ಲ ಕಡೀ ಹೊಲದವ್ರಿಗೆ ನೀರು ಬಿಟ್ಟು ಬರ್ತೀನಿ."